ಪ್ರಾಜೆಕ್ಟು ಮತ್ತು ಗೈರುಹಾಜರಿ

ಮಕ್ಕಳು ಯಾವ ಸ್ಕೂಲು? ಬೆಂಗಳೂರಿನ ಯಾವ ಮದುವೆ ಮನೆಗೆ ಹೋದರೂ ಎಲೆಗೆ ಉಪ್ಪು ಬಡಿಸುವಷ್ಟರಲ್ಲಿ ಈ ಪ್ರಶ್ನೆ ಬಂದಿರುತ್ತದೆ. "ಮೂವರೂ ಸ್ಕೂಲಿಗೆ ಹೋಗಲ್ಲ, ಮನೇಲೇ ಕಲೀತಾರೆ" ಅಂದರೆ ಎರಡು ಥರದ ಮಾತು ಬರುತ್ತದೆ. ನಮ್ಮ ವಯಸ್ಸಿನವರದು, "ಅಯ್ಯೋ, ಎಷ್ಟು ಲಕ್ಕಿ ನಿಮ್ಮ ಮಕ್ಕಳು!" ದೊಡ್ಡವರದು, "ಹಾಗಾದ್ರೆ ಎಸ್ಸೆಸ್ಸೆಲ್ಸಿ ಹೇಗಮ್ಮಾ?" ಎರಡಕ್ಕೂ ನನ್ನ ಹತ್ತಿರ ಉತ್ತರ ರೆಡಿ ಇದೆ. ಉತ್ತರ ಸಿಗದೆ ನಾನು ಒದ್ದಾಡಿದ್ದು ನಮ್ಮ ಮಾವನವರ ಪ್ರಶ್ನೆಗೆ.

ಮಾವ ಕನ್ನಡ ಶಾಲೆಯ ಮಾಸ್ತರು. ಹಾವೇರಿ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿ, ಈಗ ಕರ್ಜಗಿಯ ಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತಾ ಕೂರುತ್ತಾರೆ. ಅವರ ಪ್ರಕಾರ ಪಾಠ ಮಾಡಿದ್ದು ಅರ್ಧ ನೌಕರಿ. ಉಳಿದ ಅರ್ಧ, ಹೊಲಕ್ಕೆ ಹೋದ ಮಕ್ಕಳನ್ನು ಹುಡುಕಿ ಶಾಲೆಗೆ ಕರೆತಂದದ್ದು. ಬೆಳಗ್ಗೆ ಏಳಕ್ಕೇ ಸೈಕಲ್ ಹತ್ತಿ ಮನೆಮನೆಗೆ ಹೋಗಿ, "ಹುಡುಗಿ ಎಲ್ಲೈತ್ರೀ?" ಅಂತ ಕೇಳುವುದು, ಬೈಸಿಕೊಳ್ಳುವುದು, ಮರುದಿನ ಮತ್ತೆ ಹೋಗುವುದು. ಶಾಲೆ ಬಿಟ್ಟ ಮಕ್ಕಳಿಗಾಗಿ ಸರ್ಕಾರ 'ಚಿಣ್ಣರ ಅಂಗಳ' ನಡೆಸುತ್ತಿದ್ದಾಗ ಬೇಸಿಗೆ ರಜೆಯನ್ನೂ ಬಿಟ್ಟು ಓಡಾಡಿದವರು. ಅಂಥವರ ಮನೆಯಲ್ಲೇ ಸೊಸೆ ಮೂರು ಮಕ್ಕಳನ್ನು ಶಾಲೆ ಬಿಡಿಸಿ ಕೂರಿಸಿಕೊಂಡರೆ ಹೇಗಿರಬೇಡ!

ಶುರುವಾಗಿದ್ದು ಎಲ್ಲರ ಮನೆಯಲ್ಲಿ ಆದ ಹಾಗೇ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಲ್ಯಾಪ್‌ಟಾಪು, ಕುಕ್ಕರು, ಮೂರು ಮಕ್ಕಳನ್ನು ಕಾರಿಗೆ ತುಂಬಿಕೊಂಡು ಗಂಡನ ಊರಿಗೆ ಬಂದೆವು. ಆಗ ದೊಡ್ಡವನಿಗೆ ಹತ್ತು, ನಡುವಿನವಳಿಗೆ ಏಳು, ಚಿಕ್ಕವನಿಗೆ ನಾಲ್ಕು. ಆನ್‌ಲೈನ್ ಕ್ಲಾಸೆಂದರೆ ಕ್ಯಾಮೆರಾ ಆಫ್ ಮಾಡಿ ನಿದ್ದೆ. ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ತಂದಾಗ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಬಂದು ಗುಡಿ ಕಟ್ಟೆ, ಮರದ ನೆರಳು ಅಂತ ಪಾಠ ಮಾಡಿದರು. ನಮ್ಮ ಮಕ್ಕಳೂ ಹಿಂದೆ ಹೋಗಿ ಕೂತರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಅಷ್ಟು ಹೊತ್ತಿಗೆ ಮೂವರೂ ಶಾಲೆಯಿಲ್ಲದೆ ಕಲಿಯುವುದಕ್ಕೆ ಒಗ್ಗಿಹೋಗಿದ್ದರು. ಮುಂದೆ ಶಾಲೆಗಳು ತೆರೆದಾಗ ನಾವು ಸೇರಿಸಲಿಲ್ಲ. ಇಬ್ಬರಿಗೂ ವರ್ಕ್ ಫ್ರಮ್ ಹೋಮ್ ಇತ್ತು, ಊರಲ್ಲಿ ಫೈಬರ್ ಕೇಬಲ್ ಬಂದಿತ್ತು, ತಲೆಯಲ್ಲಿ 'ತೊತ್ತೊಚಾನ್' ಕೂತಿತ್ತು.

ಕರ್ಜಗಿಯ ಬಗ್ಗೆ ಒಂದು ಮಾತು. ರೈಲಿನಲ್ಲಿ ಹೋಗುವವರಿಗೆ ಇದು ಹಾವೇರಿಗೂ ಸವಣೂರಿಗೂ ನಡುವಿನ ಸಣ್ಣ ಸ್ಟೇಷನ್ನು. ಸುತ್ತಲಿನವರಿಗೆ ಕಾರಹುಣ್ಣಿಮೆಯ ಊರು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯಲ್ಲಿ ಈ ಹೆಸರಿನ ತಾಲ್ಲೂಕೇ ಇತ್ತು. ನಮ್ಮ ಮಕ್ಕಳ ಮಟ್ಟಿಗೆ ಊರಿನ ಮುಖ್ಯ ವಿಷಯ ಮಾತ್ರ ವರದಾ ಹೊಳೆ.

ಒಂದು ಅಗಲದ ಪ್ಲಾಸ್ಟಿಕ್ ಡಬ್ಬಿಗೆ ಸ್ಕೇಲು ಅಂಟಿಸಿ ಮಾಳಿಗೆಯ ಮೇಲೆ ಇಟ್ಟಿದ್ದು ಮೊದಲ ಪ್ರಾಜೆಕ್ಟು. ಎಲ್ಲ ಕಡೆ ಒಂದೇ ಅಗಲ ಇರುವ ಡಬ್ಬಿ ಬೇಕು, ಸೋಡಾ ಬಾಟಲಿ ಆಗಲ್ಲ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಸರಿಯಾಗಿ ಒಂದು ಲೀಟರ್ ನೀರು. ಇದು ನನಗೆ ಇಂಜಿನಿಯರಿಂಗ್ ಮುಗಿಸಿದ ಮೇಲೂ ಗೊತ್ತಿರಲಿಲ್ಲ, ನಿಜ ಹೇಳ್ತೀನಿ. ಮಾಳಿಗೆ ಅಳೆದರೆ ಅರವತ್ತು ಚದರ ಮೀಟರ್. ಇಪ್ಪತ್ತು ಮಿಲಿಮೀಟರ್ ಮಳೆ ಬಿದ್ದ ದಿನ ನಡುವಿನವಳು ಗುಣಿಸಿ, "ಅಜ್ಜಾ, ನಿನ್ನೆ ನಮ್ಮನೆ ಮೇಲೆ ಸಾವಿರದ ಇನ್ನೂರು ಲೀಟರ್ ಬಿದ್ದೈತಿ!" ಅಂತ ಕೂಗಿಕೊಂಡು ಕೆಳಗೆ ಬಂದಳು. ಮಾವ ಪೇಪರಿನಿಂದ ತಲೆ ಎತ್ತಿ, "ಹಿಡದಿಟ್ಟಿರೇನು?" ಅಂದರು. ಅಷ್ಟೇ.

2022ರ ಮಳೆಗಾಲದಲ್ಲಿ ಒಂದು ವಾರ ಡಬ್ಬಿ ಒಣಗಿತ್ತು, ಹೊಳೆ ಮಾತ್ರ ಏರುತ್ತಾ ಹೋಯಿತು. ಇದು ಹೇಗೆ? ಮೂವರಿಗೂ ತಲೆಕೆಟ್ಟಿತು. ದೊಡ್ಡವನು ಎಲ್ಲೋ ಡ್ಯಾಮ್ ಬಿಟ್ಟಿರಬೇಕು ಅಂದ. ಉತ್ತರ ಕೊಟ್ಟವಳು ಪಕ್ಕದ ಮನೆಯ ಹುಡುಗಿ, ಊರ ಸರ್ಕಾರಿ ಶಾಲೆಯ ಆರನೇ ಕ್ಲಾಸು. "ನೀರು ಕೆಂಪಗಾಗೈತಿ ನೋಡ್ರಿ, ಮ್ಯಾಲೆ ಮಳಿ ಹತ್ತೈತಿ." ಮ್ಯಾಲೆ ಅಂದರೆ ಎಲ್ಲಿ ಅಂತ ಅವಳಿಗೂ ಗೊತ್ತಿರಲಿಲ್ಲ. ಅದನ್ನು ನೋಡಿಯೇ ಬರೋಣ ಅಂತ ಮಳೆ ಕಡಿಮೆಯಾದ ಮೇಲೆ ಎರಡು ದಿನ ರಜೆ ಹಾಕಿ ಹೊರಟೆವು. ಬುತ್ತಿಗೆ ಅತ್ತೆಯವರ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ನದಿಯನ್ನು ಹಿಮ್ಮುಖವಾಗಿ ಹಿಂಬಾಲಿಸುವುದು ಮಕ್ಕಳ ಜೊತೆ ಮಾಡಬಹುದಾದ ಅತ್ಯುತ್ತಮ ಪ್ರವಾಸ ಅಂತ ನನ್ನ ಅಭಿಪ್ರಾಯ. ರೆಸಾರ್ಟಿಗಿಂತ ಅಗ್ಗ ಕೂಡ. ಹಾನಗಲ್ಲಿನ ಕಡೆಯಿಂದ ಬನವಾಸಿಗೆ ಹೋದೆವು. ಕದಂಬರ ರಾಜಧಾನಿಯನ್ನು ಹೊಳೆ ಬಳಸಿಕೊಂಡು ಹರಿಯುತ್ತದೆ. ಪಂಪ ಈ ಊರನ್ನು ಹಾಡಿ ಹೊಗಳಿದ್ದನ್ನು ನಾನು ಹೇಳುತ್ತಿದ್ದರೆ ಚಿಕ್ಕವನು, "ಇದು ನಮ್ಮ ಹೊಳೆನೇ ಹೌದಾ? ಪಕ್ಕಾ?" ಅಂತ ಮೂರು ಸಲ ಕೇಳಿದ. ಹೊಲಗಳ ಬಣ್ಣ ಬದಲಾಯಿತು, ಮೆಣಸಿನಗಿಡ, ಗೋವಿನಜೋಳ ಹೋಗಿ ಭತ್ತ ಬಂತು, ಅಡಿಕೆ ತೋಟ ಬಂತು, ಗಾಳಿ ತಣ್ಣಗಾಯಿತು. ಸಾಗರದ ಹತ್ತಿರ ವರದಾಮೂಲಕ್ಕೆ ಮುಟ್ಟಿದಾಗ ಜಿಟಿಜಿಟಿ ಮಳೆ. ಗುಡಿ, ಅದರ ಪಕ್ಕ ಒಂದು ಕೊಳ. ಮೇಲಿನ ಮನೆಗಳ ಹೆಂಚುಗಳಿಗೆ ಹಾವಸೆ. ಕರ್ಜಗಿಯ ಮಕ್ಕಳು ಇಷ್ಟು ಒದ್ದೆ ಊರನ್ನು ನೋಡಿರಲಿಲ್ಲ. "ಇಲ್ಲಿ ಡಬ್ಬಿ ಇಟ್ಟಿದ್ರ ದಿನಾ ಚೆಲ್ಲಬೇಕಾಗ್ತಿತ್ತು" ಅಂದಳು ನಡುವಿನವಳು. ಡ್ಯಾಮ್ ಥಿಯರಿಯನ್ನು ದೊಡ್ಡವನು ಅಲ್ಲೇ ಕೈಬಿಟ್ಟ.

ಇನ್ನೊಂದು ತುದಿ ನೋಡದಿದ್ದರೆ ಹೇಗೆ? ಮುಂದಿನ ತಿಂಗಳು ಗಳಗನಾಥಕ್ಕೆ ಹೋದೆವು. ವರದಾ ಅಲ್ಲಿ ತುಂಗಭದ್ರೆಗೆ ಸೇರುತ್ತದೆ. ದಂಡೆಯಲ್ಲೇ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ, ಗೋಡೆ ಬುಡದಲ್ಲಿ ಪಿರಮಿಡ್ಡಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗಿದೆ. ಹೊಳೆ ಪಕ್ಕ ಕಟ್ಟುವವರಿಗೆ ಬುಡದ ಚಿಂತೆ ಇದ್ದೇ ಇರುತ್ತೆ ಅನ್ನುವುದು ದೊಡ್ಡವನ ವಿವರಣೆ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಇದನ್ನೆಲ್ಲ ಫೋಟೊ ಹಾಕಿ ಬರೆದರೆ ಚೆನ್ನಾಗಿ ಕಾಣುತ್ತೆ. ಲೆಕ್ಕ ಮಾತ್ರ ಹೀಗಿದೆ. ಎರಡು ಸಂಬಳ, ಒಂದು ಕಾರು, ರಜೆ ಕೊಡುವ ಮ್ಯಾನೇಜರು, ಅಡುಗೆ ನೋಡಿಕೊಳ್ಳುವ ಅತ್ತೆ, ತಪ್ಪಿದರೆ ತಿದ್ದಲು ಮನೆಯಲ್ಲೇ ಒಬ್ಬ ಮಾಸ್ತರು. ಇಷ್ಟಿದ್ದ ಮೇಲೆ ಹೋಮ್‌ಸ್ಕೂಲಿಂಗ್. ಇದರಲ್ಲಿ ಯಾವುದಾದರೂ ಎರಡು ಕಳೆಯಿರಿ, ಉಳಿಯುವುದು ಮನೆಯಲ್ಲಿ ಕೂತ ಮಗು ಅಷ್ಟೇ.

ಮಾವನ ಪ್ರಶ್ನೆ ಬಂದಿದ್ದು ಮೆಣಸಿನಕಾಯಿ ಹಂಗಾಮಿನಲ್ಲಿ. ನಮ್ಮದು ಎರಡೆಕರೆ, ಅದರಲ್ಲಿ ಅರ್ಧ ಬ್ಯಾಡಗಿ ತಳಿ. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈಯೆಲ್ಲ ಸುಕ್ಕು. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅದರ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಡಿಸೆಂಬರಿನಲ್ಲಿ ಮೂವರೂ ಹೊಲಕ್ಕಿಳಿದು ಹಣ್ಣು ಬಿಡಿಸಿದರು, ತೂಕ ಮಾಡಿದರು, ಅಂಗಳದಲ್ಲಿ ಹರವಿ ದಿನಾ ತೂಗಿದರು. ನಾಲ್ಕು ಕೆಜಿ ಹಣ್ಣು ಒಣಗಿ ಒಂದು ಕೆಜಿ ಚಿಲ್ಲರೆಗೆ ಬಂತು. ಗ್ರಾಫ್ ಬರೆದರು. ಪುಡಿಯನ್ನು ಒಂದು ಲೋಟ ನೀರಿಗೆ, ಒಂದು ಲೋಟ ಎಣ್ಣೆಗೆ ಹಾಕಿಟ್ಟರು. ನೀರು ಬರೀ ಮಬ್ಬಾಯಿತು, ಎಣ್ಣೆ ಕೆಂಪಗಾಯಿತು. ಬಣ್ಣ ಎಣ್ಣೆಯಲ್ಲಿ ಮಾತ್ರ ಕರಗುತ್ತೆ ಅಂತ ಕಂಡುಹಿಡಿದ ಸಂಭ್ರಮದಲ್ಲಿ ಅಡುಗೆಮನೆಗೆ ಓಡಿದರೆ ಅತ್ತೆ, "ಅದಕ್ಕಲ್ಲೇನು ಒಗ್ಗರಣಿಗೆ ಮೆಣಸಿನಕಾಯಿ ಎಣ್ಣ್ಯಾಗ ಹಾಕೂದು?" ಅಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

ಅದೇ ಹೊಲದಲ್ಲಿ, ಪಕ್ಕದ ಸಾಲಿನಲ್ಲಿ, ಆ ಕೆಂಪು ನೀರಿನ ಹುಡುಗಿ ಅವ್ವನ ಜೊತೆ ಕೂಲಿಗೆ ಬಂದಿದ್ದಳು. ಬೇರೆಯವರ ಹೊಲಗಳಿಗೂ ಹೋಗುತ್ತಿದ್ದಳು. ವಾರದಿಂದ ಶಾಲೆಗೆ ಹೋಗಿರಲಿಲ್ಲ.

ಮಾವ ಅವತ್ತು ರಾತ್ರಿ ಊಟಕ್ಕೆ ಕೂರುವ ಮೊದಲು ನನ್ನನ್ನು ಕರೆದರು. ಸಿಟ್ಟು ಇರಲಿಲ್ಲ, ಧ್ವನಿ ಮಾಸ್ತರರದೇ. "ಯವ್ವಾ, ಒಂದ್ ಮಾತ್ ಕೇಳ್ತೀನಿ. ನಿನ್ನ ಮಗ ಮೆಣಸಿನಕಾಯಿ ಬಿಡಿಸಿದ್ರ ಪ್ರಾಜೆಕ್ಟು. ಆಕಿ ಬಿಡಿಸಿದ್ರ ಗೈರುಹಾಜರಿ. ಇದು ಹೆಂಗ?"

ನಾನು ಏನೇನೋ ಹೇಳಿದೆ. ಅನುಭವದಿಂದ ಕಲಿಯುವುದು, ಕೈಕೆಲಸದ ಮಹತ್ವ, ಗಾಂಧೀಜಿ. ಹತ್ತಿರದ ಹೊಸರಿತ್ತಿಯಲ್ಲೇ ಗಾಂಧಿ ಗ್ರಾಮೀಣ ಗುರುಕುಲ ಇದೆ, ಓದಿನ ಜೊತೆ ಹೊಲದ ಕೆಲಸ, ದನಗಳ ಆರೈಕೆ ಎಲ್ಲ ಇರುವ ವಸತಿ ಶಾಲೆ. ಮಕ್ಕಳನ್ನು ಆ ಊರಿಗೆ ಕರೆದುಕೊಂಡು ಹೋಗಿದ್ದೆವು. ದಂಡಿಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಬ್ರಿಟಿಷರ ಗುಂಡಿಗೆ ಬಿದ್ದದ್ದು ಅಲ್ಲೇ, 1943ರ ಏಪ್ರಿಲ್ 1ರಂದು. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಬಗ್ಗೆ ನಾನು ಶುರುಮಾಡುವಷ್ಟರಲ್ಲಿ ಮಾವ ತಡೆದರು. "ನಾವು ಸಣ್ಣವರಿದ್ದಾಗ ಸಾಲ್ಯಾಗ ತಕಲಿ ಹಿಡದು ನೂಲು ತಗದವರು. ನನಗ ಹೇಳಬ್ಯಾಡ. ಗಾಂಧಿ ಕೈಕೆಲಸ ಸಾಲಿಗೆ ತಂದ್ರು. ಸಾಲಿ ಬಿಡಸಲಿಲ್ಲ."

ಇದಕ್ಕೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ. ಕಾನೂನನ್ನು ಕೇಳಿದರೆ ಅದು ಶಾಲೆಯ ಭಾಷೆಯಲ್ಲೇ ಮಾತಾಡುತ್ತೆ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುತ್ತದೆ. ನಮ್ಮಂಥವರ ಮನೆಗೆ ಯಾರೂ ಬಂದು ಕೇಳಲಿಲ್ಲ. ಆ ಹುಡುಗಿಯ ಮನೆಗೆ ಬಂದು ಕೇಳಿದ್ದರು, ಕೇಳಲೇಬೇಕು ಕೂಡ. ನಮ್ಮ ಮಕ್ಕಳು ಇವತ್ತು ಬಿಟ್ಟದ್ದನ್ನು ನಾಳೆ ಹಿಡಿಯಬಹುದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನಾಲ್ಕು ತುಂಬಿದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಬಹುದು, ಫೀಸು ಇದೆ, ದಾರಿ ತೋರಿಸಲು ಅಪ್ಪ ಅಮ್ಮ ಇದ್ದಾರೆ. ಅವಳಿಗೆ ಶಾಲೆಯ ಆ ಬೆಂಚು ಒಂದೇ. ಅಲ್ಲಿಂದ ಎದ್ದರೆ ಆ ಜಾಗ ಕಾದಿರುವುದಿಲ್ಲ. ಹೊಳೆ ಓದುವುದರಲ್ಲಿ ಅವಳು ನನ್ನ ಮೂವರಿಗಿಂತ ಮುಂದೆ, ಆದರೆ ಅದಕ್ಕೆ ಯಾರೂ ಮಾರ್ಕ್ಸ್ ಕೊಡಲ್ಲ.

ಮಾವನ ಜೊತೆ ಒಂದು ಒಪ್ಪಂದಕ್ಕೆ ಬಂದೆವು, ಚೌಕಾಸಿ ಮಾಡಿಯೇ. ಮಕ್ಕಳು ಮನೆಯಲ್ಲಿ ಕಲಿಯುವುದಕ್ಕೆ ಅವರು ಅಡ್ಡ ಬರಲ್ಲ. ಆದರೆ ತಿರುಗಾಟವೆಲ್ಲ ಐತವಾರವೇ ಆಗಬೇಕು, ಶಾಲೆಯ ಮಕ್ಕಳೂ ಬರುವ ಹಾಗೆ. ಕಾರಿನಲ್ಲಿ ಜಾಗ ಸಾಲದಿದ್ದರೆ ರೈಲು. ನಮ್ಮ ಹೊಲದಲ್ಲಿ ಶಾಲೆಯ ದಿನ ಯಾವ ಮಗುವಿಗೂ ಕೂಲಿ ಇಲ್ಲ, ಅವರವ್ವನಿಗೆ ಕೂಲಿ ಹೆಚ್ಚು. ಕೊನೆಯದನ್ನು ಸೇರಿಸಿದ್ದು ಅತ್ತೆ. ದುಡ್ಡಿನ ಮಾತು ಬಿಟ್ಟು ಮಾಡುವ ಒಪ್ಪಂದ ನಿಲ್ಲಲ್ಲ ಅನ್ನುವುದು ಅವರಿಗೆ ಗೊತ್ತು.

ಹೀಗೆ ಹಾವೇರಿಯ ಸಿದ್ಧೇಶ್ವರ ಗುಡಿಗೆ ಏಳು ಮಕ್ಕಳು ಪ್ಯಾಸೆಂಜರ್ ರೈಲಿನಲ್ಲಿ ಹೋದರು, ಕೈಯಲ್ಲಿ ದಿಕ್ಸೂಚಿ. ಆ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಗುಡಿ ಅಂದಮೇಲೆ ಪೂರ್ವ ಅಂತ ಪಣ ಕಟ್ಟಿದ್ದ ನಮ್ಮ ದೊಡ್ಡವನು ಐದು ರೂಪಾಯಿ ಕಳೆದುಕೊಂಡ.

ಅವನೇ 2023ರ ಬೇಸಿಗೆಯಲ್ಲಿ, ಆ ಏಳು ಜನರಲ್ಲಿ ನಾಲ್ಕು ಜನ ಹೋಗುವ ಹೈಸ್ಕೂಲಿಗೆ ತಾನೂ ಹೋಗುತ್ತೇನೆ ಅಂದ. ಕಾರಣ ಕೇಳಿದರೆ ಕಬಡ್ಡಿ ಟೀಮು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ, ಆಮೇಲೆ ಬಟ್ಟೆ ಅಂಗಡಿಗೆ ಹೋಗಿ ಯೂನಿಫಾರ್ಮಿನ ಅಳತೆ ಕೊಟ್ಟು ಬಂದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅನ್ನುತ್ತದೆ ಕಾಯ್ದೆಯ 4ನೇ ಕಲಂ, ಮಾವ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೇ ಹೋಗಿದ್ದರು. ಹಾಳೆ ತೆಗೆಯುವ ಪ್ರಸಂಗವೇ ಬರಲಿಲ್ಲ, ಎಂಟನೇ ಕ್ಲಾಸಿಗೆ ಸುಲಭವಾಗಿ ಸೇರಿಸಿಕೊಂಡರು. ಇನ್ನಿಬ್ಬರು ಸದ್ಯಕ್ಕೆ ಮನೆಯಲ್ಲೇ. ಅವರ ಮಾತು ಪ್ರತಿ ಮೇ ತಿಂಗಳಲ್ಲಿ ಮತ್ತೆ ತೆಗೆಯೋಣ ಅಂತ ಇದ್ದೇವೆ.

ಪಕ್ಕದ ಮನೆಯ ಹುಡುಗಿ ಆ ಹಿಂದಿನ ಹಂಗಾಮಿನಲ್ಲಿ ನಲವತ್ತು ಚಿಲ್ಲರೆ ದಿನ ಶಾಲೆ ತಪ್ಪಿಸಿದ್ದಳು. ಈ ಸಲ ಹನ್ನೊಂದು. ಮಾವ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಟ್ಟಿದ್ದಾರೆ, ಹನ್ನೊಂದೂ ಹೆಚ್ಚೇ ಅನ್ನುತ್ತಾರೆ. ಬೇರೆ ಹೊಲಗಳವರಿಗೆ ನಮ್ಮ ಒಪ್ಪಂದ ಅನ್ವಯಿಸುವುದಿಲ್ಲವಲ್ಲ.

ಜನವರಿಯ ಒಂದು ಐತವಾರ ಬ್ಯಾಡಗಿಗೆ ಹೋಗುವುದು ಅಂತ ನಾನು ಪ್ಲ್ಯಾನ್ ಮಾಡಿದ್ದೆ. ಮಾರ್ಕೆಟ್ಟು, ಗೋದಾಮು, ಕೋಲ್ಡ್ ಸ್ಟೋರೇಜು, ಧಾರಣೆ ನಿರ್ಧಾರ ಆಗುವುದು ಹೇಗೆ ಅಂತ ಎರಡು ಪುಟ ಪ್ರಶ್ನೆ ಬರೆದಿಟ್ಟಿದ್ದೆ. ಅವಳಿಗೆ ಹೇಳಿದರೆ ಮುಖ ಕಿವುಚಿದಳು. "ಐತವಾರನೂ ಮೆಣಸಿನಕಾಯಿ ನೋಡೂದೇನ್ರಿ ಆಂಟಿ? ನಾ ಒಲ್ಲೆ. ಚಿಗರಿ ತೋರಸ್ರಿ."

ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯದೆ ಸೀದಾ ರಾಣೆಬೆನ್ನೂರಿಗೆ ಹೋದೆವು. 1974ರಲ್ಲಿ ಆದ ಕೃಷ್ಣಮೃಗ ಅಭಯಾರಣ್ಯ, 119 ಚದರ ಕಿಲೋಮೀಟರ್, ಬಹಳಷ್ಟು ಕಡೆ ನೀಲಗಿರಿ ನೆಡುತೋಪು. ಬಿಸಿಲೇರುವ ಹೊತ್ತಿಗೆ ಬಯಲಿನಲ್ಲಿ ಹಿಂಡು ಕಂಡಿತು. ಕಪ್ಪು ಮೈಯ, ತಿರುಚಿದ ಕೊಂಬಿನ ಗಂಡು ಒಂದೇ, ಉಳಿದವೆಲ್ಲ ಕಂದು ಬಣ್ಣದವು. ನಮ್ಮ ಮೂವರೂ ಪೆನ್ನು ತೆಗೆದು ಎಣಿಸತೊಡಗಿದರು. ಅವಳು ಎಣಿಸಲಿಲ್ಲ. ಚಪ್ಪಲಿ ಬಿಚ್ಚಿ, ಕಲ್ಲಿನ ಮೇಲೆ ಕಾಲು ಚಾಚಿ ಕೂತು, ನಾನು ಕೊಟ್ಟ ಪ್ರಶ್ನೆ ಹಾಳೆಯನ್ನು ಮಡಚಿ ಗಾಳಿ ಬೀಸಿಕೊಳ್ಳುತ್ತಾ ಸುಮ್ಮನೆ ನೋಡುತ್ತಿದ್ದಳು.