ಕೆಂಪು ಶಾಯಿಯ ಗೆರೆ

ಶರಣಬಂಧುಗಳೇ, ಮಠದ ಪ್ರಸಾದನಿಲಯದಲ್ಲಿದ್ದು ಪರೀಕ್ಷೆ ಬರೆದ ದಿನಗಳನ್ನು ತಾವು ಮರೆತಿರಲಾರಿರಿ. ನಾನಾದರೋ ಉತ್ತರಪತ್ರಿಕೆ ತಿದ್ದುವವನು; ನನ್ನ ತಪ್ಪೊಂದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ವಿಜಯಪುರದಿಂದ ತಿಕೋಟಾ ಸೀಮೆಯ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ನಿತ್ಯವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆನು. ಮಾರ್ಚ್ ತಿಂಗಳು, ಏಳನೆಯ ತರಗತಿಯ ವಿಜ್ಞಾನದ ವಾರ್ಷಿಕ ಪರೀಕ್ಷೆ. ಬಾಷ್ಪೀಭವನಕ್ಕೆ ಉದಾಹರಣೆ ಕೇಳಿದ್ದೆನು. ‘ನೆರಳಿನಲ್ಲಿ ದ್ರಾಕ್ಷಿ ಒಣಗುವುದು’ ಎಂದು ಒಬ್ಬ ಬಾಲಕಿ ಬರೆದಿದ್ದಳು. ಬಿಸಿಲಿಲ್ಲದೆ ಒಣಗುವುದೆಂತು? ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟೆನು.

ಮುಂದಿನ ವಾರ ಬಬಲೇಶ್ವರದ ಕಡೆ ಭಕ್ತರೊಬ್ಬರು ಪ್ರಸಾದಕ್ಕೆ ಕರೆದರು. ಅವರ ಹೊಲದಲ್ಲಿ ಒಣದ್ರಾಕ್ಷಿಯ ಶೆಡ್ಡು. ಮೇಲೆ ಮಾಡು, ಸುತ್ತಲೂ ಬಯಲು. ಪೊಟ್ಯಾಸಿಯಂ ಕಾರ್ಬೋನೇಟಿನ ದ್ರಾವಣದಲ್ಲಿ ಅದ್ದಿದ ಹಣ್ಣುಗಳನ್ನು ಬಲೆಯ ಅಂತಸ್ತುಗಳ ಮೇಲೆ ಹರಡಿದ್ದರು. ದ್ರಾವಣವು ಸಿಪ್ಪೆಯ ಮೇಣವನ್ನು ಸಡಿಲಿಸುತ್ತದೆ; ನಮ್ಮ ಸೀಮೆಯ ಒಣಗಾಳಿ ಒಳಗಿನ ನೀರನ್ನು ಒಯ್ಯುತ್ತದೆ. ನೇರ ಬಿಸಿಲು ಬಿದ್ದರೆ ಬಣ್ಣ ಕಂದುವುದೆಂದು ಯಜಮಾನರು ನಕ್ಕರು. ಸುಮಾರು ೧೫ ದಿನಗಳಲ್ಲಿ ೪ ಕಿಲೋ ಹಣ್ಣು ೧ ಕಿಲೋ ಒಣದ್ರಾಕ್ಷಿಯಾಗುವುದಂತೆ. ಇಷ್ಟು ವರ್ಷ ಆ ಶೆಡ್ಡುಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದ್ದೆನು!

ಮರುದಿನವೇ ಪತ್ರಿಕೆ ಹುಡುಕಿ, ಗೆರೆಯ ಪಕ್ಕದಲ್ಲಿ ೨ ಅಂಕ ಬರೆದು ಸಹಿ ಹಾಕಿದೆನು. ತಪ್ಪು ನನ್ನದೆಂದು ಬಾಲಕಿಗೆ ಹೇಳಬೇಕಿತ್ತು. ರಜೆ ಆರಂಭವಾಗಿತ್ತು, ತಾಯಿಯೊಂದಿಗೆ ದ್ರಾಕ್ಷಿ ಆರಿಸಲು ಹೋಗಿರುವಳೆಂದು ನೆರೆಯವರು ತಿಳಿಸಿದರು.