ಐದನೆಯವಳ ಕೋಚ್

ಕ್ರಾಸ್ ಕಂಟ್ರಿ ಓಟದಲ್ಲಿ ಮೊದಲು ಗುರಿ ಮುಟ್ಟಿದವಳ ತಂಡವೇ ಗೆಲ್ಲಬೇಕು ಅಂತೇನಿಲ್ಲ. ನನಗೆ ಈ ಆಟ ಹಿಡಿಸಿದ್ದೇ ಆ ಕಾರಣಕ್ಕೆ. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ, ಅಂದರೆ ಎನ್‌ಸಿಎಎಯಲ್ಲಿ, ಒಂದು ತಂಡದಿಂದ ಏಳು ಹುಡುಗಿಯರು ಓಡ್ತಾರೆ. ಅವರಲ್ಲಿ ಮೊದಲು ಬಂದ ಐವರ ಸ್ಥಾನಗಳನ್ನು ಕೂಡಿಸ್ತಾರೆ. ಒಂದನೇ ಸ್ಥಾನಕ್ಕೆ ಒಂದು ಅಂಕ, ನಲವತ್ತನೇ ಸ್ಥಾನಕ್ಕೆ ನಲವತ್ತು. ಮೊತ್ತ ಯಾರದ್ದು ಕಡಿಮೆಯೋ ಅವರದ್ದು ಕಪ್. ಆರನೆಯವಳು, ಏಳನೆಯವಳು ಬರೀ ಲೆಕ್ಕಕ್ಕಲ್ಲ, ಅವರು ಎದುರಾಳಿ ತಂಡದ ಐದನೆಯವಳಿಗಿಂತ ಮುಂದೆ ಬಂದರೆ ಅವಳ ಅಂಕ ಒಂದೊಂದಾಗಿ ಏರುತ್ತೆ.

ಇನ್ನೂರೈವತ್ತಕ್ಕೂ ಹೆಚ್ಚು ಹುಡುಗಿಯರು, ಹುಲ್ಲು, ಕೆಸರು, ಏರು-ತಗ್ಗು, 6 ಕಿಲೋಮೀಟರ್. ನಡುವಿನ ಗುಂಪಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಹತ್ತಾರು ಜನ ಗೆರೆ ದಾಟ್ತಾರೆ. ನಿಮ್ಮ ತಂಡದ ಸ್ಟಾರ್ ಮೊದಲು ಬಂದು ಕ್ಯಾಮೆರಾಗೆ ಕೈ ಬೀಸ್ತಾ ಇರುವಾಗ, ನಿಮ್ಮ ಕಪ್ಪಿನ ಭವಿಷ್ಯ ಎಲ್ಲೋ ಎಪ್ಪತ್ತನೇ ಸ್ಥಾನದಲ್ಲಿ ಹಲ್ಲು ಕಚ್ಚಿಕೊಂಡು ಬರ್ತಾ ಇರುತ್ತೆ. ಟಿವಿಯವರು ಅವಳನ್ನು ತೋರಿಸೋದೇ ಇಲ್ಲ.

ಈ ಲೆಕ್ಕವನ್ನು ಅರೆದು ಕುಡಿದ ಒಬ್ಬ ಕೋಚ್ ಇದ್ದಾರೆ. ಹೆಸರು ದಿಲ್ಜೀತ್ ಟೇಲರ್. ಯೂಟ್ಯೂಬ್‌ನಲ್ಲಿ ಬರೀ ದಿಲ್ಜೀತ್ ಅಂತ ಟೈಪ್ ಮಾಡಿದರೆ ಗಾಯಕ ದೊಸಾಂಜ್ ಬರ್ತಾರೆ, ಟೇಲರ್ ಅಂತ ಪೂರ್ತಿ ಟೈಪ್ ಮಾಡಬೇಕು. ತಂದೆ-ತಾಯಿ ಪಂಜಾಬಿನಿಂದ ಅಮೆರಿಕಕ್ಕೆ ಹೋದವರು. ಇವರು ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಓಡಿದ್ದು ಟರ್ಲಾಕ್ ಎಂಬ ಊರಿನ ಕ್ಯಾಲ್ ಸ್ಟೇಟ್ ಸ್ಟಾನಿಸ್ಲಾಸ್ ಎಂಬ ಕಾಲೇಜಿಗೆ. ಡಿವಿಷನ್ 2 ಕಾಲೇಜು ಅದು. ಅಂದರೆ ದೊಡ್ಡ ದುಡ್ಡು, ದೊಡ್ಡ ಟಿವಿ ಯಾವುದೂ ಇಲ್ಲದ ಎರಡನೇ ಹಂತ. ಅದೇ ಕಾಲೇಜಿನಲ್ಲಿ ವರ್ಷಗಟ್ಟಲೆ ಕೋಚ್ ಆಗಿದ್ದರು. 2016ರಲ್ಲಿ ಯೂಟಾ ರಾಜ್ಯದ ಪ್ರೊವೊದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ (ಎಲ್ಲರೂ ಬಿವೈಯು ಅಂತಾರೆ) ಮಹಿಳಾ ತಂಡದ ಕೋಚ್ ಆಗಿ ಬಂದರು.

ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲಿ ಸಣ್ಣ ಸರ್ವಿಸ್ ಕಂಪನಿಗೆ ಸೇರಿ, ಅಲ್ಲೇ ಬೆವರು ಸುರಿಸಿ, ಮೂವತ್ತರ ಆಚೆ ದೊಡ್ಡ ಪ್ರಾಡಕ್ಟ್ ಕಂಪನಿಗೆ ಹಾರಿದವರ ಕಥೆ ನಮಗೆಲ್ಲ ಗೊತ್ತಲ್ಲ, ಇದೂ ಹೆಚ್ಚುಕಮ್ಮಿ ಅಂಥದ್ದೇ. ಆದರೆ ಖಾಲಿ ಕುರ್ಚಿಗೇನೂ ಅಲ್ಲ ಇವರು ಬಂದದ್ದು. ಹಿಂದಿನ ಕೋಚ್ ಪ್ಯಾಟ್ರಿಕ್ ಶೇನ್ 1997, 1999, 2001, 2002ರಲ್ಲಿ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದವರು. ಆಮೇಲೆ ದೀರ್ಘ ಕಾಲ ಕಪ್ ಬಂದಿರಲಿಲ್ಲ. ಹಳೇ ವೈಭವ ಇರುವ ಜಾಗಕ್ಕೆ ಹೊಸಬರಾಗಿ ಹೋಗೋದು ಎಷ್ಟು ಕಷ್ಟ ಅಂತ ಬೇರೆಯವರ ಹಳೇ ಕೋಡ್ ಮುಟ್ಟಿದವರನ್ನು ಕೇಳಿ.

ಅಲ್ಲಿನ ಕಾಲೇಜು ಕೋಚ್ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಕಣ್ಣಲ್ಲಿ ಕೋಚ್ ಅಂದರೆ ಒ.ಎಂ. ನಂಬಿಯಾರ್. ಪಿ.ಟಿ. ಉಷಾ ಅವರನ್ನು ಬೆಳೆಸಿದ ಗುರು, 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ, 2021ರಲ್ಲಿ ಪದ್ಮಶ್ರೀ. ಒಬ್ಬ ಗುರು, ಒಬ್ಬ ಶಿಷ್ಯೆ. ಅಮೆರಿಕದ ಕಾಲೇಜು ಕೋಚ್‌ಗೆ ಆ ಸುಖ ಇಲ್ಲ. ಹೈಸ್ಕೂಲ್ ಹುಡುಗಿಯರನ್ನು ಹುಡುಕಬೇಕು, ಅವರ ಅಪ್ಪ-ಅಮ್ಮನ ಜೊತೆ ಮಾತಾಡಬೇಕು, ಹಣ ಹಂಚಬೇಕು. 2025ರ ತನಕ ಮಹಿಳೆಯರ ಟ್ರ್ಯಾಕ್ ಮತ್ತು ಕ್ರಾಸ್ ಕಂಟ್ರಿ ಎರಡಕ್ಕೂ ಸೇರಿ 18 ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ಇತ್ತು. ಗುಂಡು ಎಸೆಯುವವಳು, ಎತ್ತರ ಜಿಗಿಯುವವಳು, ದೂರ ಓಡುವವಳು ಎಲ್ಲರೂ ಅದರಲ್ಲೇ. ಹಾಗಾಗಿ ಅರ್ಧ, ಕಾಲು ಅಂತ ಚೂರು ಮಾಡಿ ಕೊಡ್ತಾರೆ. ಸೆಪ್ಟೆಂಬರ್‌ನಿಂದ ನವೆಂಬರ್ ಕ್ರಾಸ್ ಕಂಟ್ರಿ, ಜನವರಿಯಿಂದ ಒಳಾಂಗಣ ಟ್ರ್ಯಾಕ್, ಜೂನ್ ತನಕ ಹೊರಾಂಗಣ. ಅದೇ ಹುಡುಗಿಯರು, ಅದೇ ಕೋಚ್. ನಾಲ್ಕೈದು ವರ್ಷಕ್ಕೆ ಡಿಗ್ರಿ ಮುಗಿಸಿ ಹೊರಡ್ತಾರೆ. ಮತ್ತೆ ಸೊನ್ನೆಯಿಂದ ಶುರು.

ಬಿವೈಯುದಲ್ಲಿ ಇನ್ನೊಂದು ತೊಡಕಿದೆ. ಅದು ಮಾರ್ಮನ್ ಚರ್ಚಿನ ವಿಶ್ವವಿದ್ಯಾಲಯ. ಭಾನುವಾರ ಸ್ಪರ್ಧೆಗೆ ಇಳಿಯೋದಿಲ್ಲ. ಅದು ಬಿಡಿ, ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿನ ಎಷ್ಟೋ ಹುಡುಗಿಯರು ಓದಿನ ನಡುವೆ ಒಂದೂವರೆ ವರ್ಷ ಚರ್ಚಿನ ಸೇವೆಗೆ ಅಂತ ಎಲ್ಲೋ ದೂರದ ಊರಿಗೆ ಹೋಗಿಬಿಡ್ತಾರೆ. ಗಂಭೀರ ತರಬೇತಿಯಿಂದ ಹದಿನೆಂಟು ತಿಂಗಳು ದೂರ. ಓಡುವವರಿಗೆ ಗೊತ್ತು, ಎರಡು ವಾರ ಜ್ವರ ಬಂದು ಮಲಗಿದರೇ ಉಸಿರು ಎಲ್ಲಿಗೆ ಬಂದು ನಿಲ್ಲುತ್ತೆ ಅಂತ. ಅಂಥವರು ವಾಪಸ್ ಬಂದಾಗ ಕೋಚ್ ಮತ್ತೆ ಅಆಇಈಯಿಂದ ಕಟ್ಟಬೇಕು.

ಮತ್ತೆ ಮದುವೆ. ಅಲ್ಲಿ ಕಾಲೇಜಿನಲ್ಲಿರುವಾಗಲೇ ಮದುವೆ ಆಗೋದು ಸಾಮಾನ್ಯ. ಹಳೇ ಫಲಿತಾಂಶಗಳನ್ನು ನೋಡ್ತಾ ಹೋದರೆ ಮಜವಾದ ವಿಷಯ ಕಾಣುತ್ತೆ. ಹೆಸರುಗಳು ಉದ್ದ ಆಗ್ತಾ ಹೋಗುತ್ತವೆ. ಎರಿಕಾ ಬರ್ಕ್ ಇದ್ದವಳು ಬರ್ಕ್-ಜಾರ್ವಿಸ್. ಆನಾ ಕ್ಯಾಂಪ್ ಇದ್ದವಳು ಕ್ಯಾಂಪ್-ಬೆನೆಟ್. ಲೆಕ್ಸಿ ಹ್ಯಾಲಡೇ ಇದ್ದವಳು ಹ್ಯಾಲಡೇ-ಲೌರಿ. ಹೆಸರು ಉದ್ದ ಆಯ್ತು, ಸಮಯ ಕಡಿಮೆ ಆಯ್ತು. ಕ್ಯಾಂಪ್-ಬೆನೆಟ್ ಅಂತೂ 2021ರಲ್ಲಿ 1500 ಮೀಟರ್‌ನಲ್ಲಿ ರಾಷ್ಟ್ರೀಯ ಕಾಲೇಜು ಚಾಂಪಿಯನ್. ಸ್ವತಃ ದಿಲ್ಜೀತ್ ಇಬ್ಬರು ಗಂಡುಮಕ್ಕಳ ತಾಯಿ.

ಇದನ್ನು ಓದಿದ ದಿನ ನಾನು ಸುಮ್ಮನೆ ಕೂತುಬಿಟ್ಟಿದ್ದೆ. ಯಾಕೆ ಅಂದರೆ ನಮ್ಮ ಕಡೆ ಹುಡುಗಿಯ ಓಟಕ್ಕೆ ಎರಡು ಗೇಟು. ಮೊದಲನೆಯದು ಪಿಯುಸಿ. ನಾನು ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟದ ತನಕ 1500 ಮೀಟರ್ ಓಡಿದವಳು. ಪಿಯು ಕಾಲೇಜಿಗೆ ಸೇರಿದ ಮೇಲೆ ಟೈಮ್‌ಟೇಬಲ್‌ನಲ್ಲಿ ಆಟದ ಪೀರಿಯಡ್ ಅನ್ನೋದೇ ಇರಲಿಲ್ಲ, ಆ ಜಾಗದಲ್ಲಿ ಸಿಇಟಿ ಕ್ಲಾಸು. ಪಿಟಿ ಮೇಷ್ಟ್ರು ಇದ್ದರು, ಆದರೆ ಅವರಿಗೆ ಗೇಟಲ್ಲಿ ನಿಂತು ಲೇಟಾಗಿ ಬಂದವರನ್ನು ಹಿಡಿಯುವ ಕೆಲಸ. ಒಂದು ದಿನ ಕಾರಿಡಾರ್‌ನಲ್ಲಿ ಸಿಕ್ಕಿ, "ನೀನು ಓಡ್ತಿದ್ದೆ ಅಲ್ವೇನಮ್ಮಾ?" ಅಂದರು. ಭೂತಕಾಲದಲ್ಲಿ. ನನಗಾಗ ಹದಿನಾರು.

ಎರಡನೇ ಗೇಟು ಮದುವೆ. ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಓಡೋಕೆ ಶುರು ಮಾಡಿದ್ದೆ, ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ಹಾಸನಕ್ಕೆ ಹೋದಾಗ ಬಾಗಿಲಲ್ಲಿ ಶೂ ನೋಡಿ ದೊಡ್ಡಮ್ಮ, "ಏನೇ, ಇನ್ನೂ ಓಡ್ತಾ ಇದ್ದೀಯಾ? ನಿಮ್ಮತ್ತೆ ಏನೂ ಅನ್ನಲ್ವಾ?" ಅಂದರು. ನಮ್ಮತ್ತೆ ಏನೂ ಅಂದಿರಲಿಲ್ಲ, ಪಾಪ. ಆದರೆ ಯಾರಾದರೂ ಏನಾದರೂ ಅನ್ನಲೇಬೇಕು ಅನ್ನೋದು ದೊಡ್ಡಮ್ಮನ ಲೆಕ್ಕ.

ಮದುವೆಯಾಗಿ, ಒಂದೂವರೆ ವರ್ಷ ಬಿಟ್ಟು ಬಂದು, ಆಮೇಲೂ ದೇಶದ ಮೊದಲ ತಂಡದಲ್ಲಿ ಓಡಬಹುದು ಅನ್ನೋದನ್ನು ಒಬ್ಬ ಕೋಚ್ ಮಾಮೂಲಿ ವಿಷಯದ ಹಾಗೆ ನಡೆಸಿಕೊಂಡು ಹೋಗ್ತಾರೆ ಅನ್ನೋದೇ ನನಗೆ ದೊಡ್ಡ ಸುದ್ದಿ. ಕಪ್ಪಿಗಿಂತ ದೊಡ್ಡದು.

ಕಪ್ಪಿನ ಕಥೆಯೂ ಚೆನ್ನಾಗಿದೆ. 2019ರಲ್ಲಿ ಬಿವೈಯು ಮಹಿಳೆಯರು ಅರ್ಕಾನ್ಸಾ ತಂಡದ ಹಿಂದೆ ಎರಡನೇ ಸ್ಥಾನ. 2020ರ ಸ್ಪರ್ಧೆ ಕೋವಿಡ್ ಕಾರಣಕ್ಕೆ ಮುಂದೆ ಹೋಗಿ, 2021ರ ಮಾರ್ಚ್ 15ಕ್ಕೆ ಒಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ ನಡೆಯಿತು. ಆಯೋಜಕರ ಪುಣ್ಯ, ಒಳಾಂಗಣ ಚಾಂಪಿಯನ್‌ಶಿಪ್ ಮುಗಿದದ್ದು ಅದಕ್ಕೆ ಎರಡೇ ದಿನ ಮೊದಲು! ಕೋರ್ಟ್ನಿ ವೇಮೆಂಟ್ ಅಲ್ಲಿ 3000 ಮೀಟರ್ ಗೆದ್ದು, ಮೂರನೇ ದಿನಕ್ಕೆ ಇಲ್ಲಿ ಗುಡ್ಡ ಹತ್ತಿ ಓಡಿದಳು. ಬಿವೈಯು 96 ಅಂಕ, ಎರಡನೇ ಬಂದ ನಾರ್ತ್ ಕೆರೊಲಿನಾ ಸ್ಟೇಟ್ 161. ಆ ದಿನ ವೈಯಕ್ತಿಕವಾಗಿ ಗೆದ್ದವಳು ಅಲಬಾಮಾದ ಮರ್ಸಿ ಚೆಲಂಗಾಟ್, ಕೀನ್ಯಾದ ಹುಡುಗಿ.

ಮುಂದಿನ ಬಾರಿ ಅದೇ ಲೆಕ್ಕ ಉಲ್ಟಾ ಹೊಡೆಯಿತು. 2021ರ ನವೆಂಬರ್‌ನಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿದವಳು ಬಿವೈಯುದ ವಿಟ್ನಿ ಆರ್ಟನ್. ಕಪ್ ಮಾತ್ರ ನಾರ್ತ್ ಕೆರೊಲಿನಾ ಸ್ಟೇಟ್‌ಗೆ. 2022, 2023 ಕೂಡ ಅವರದ್ದೇ. ಆ ತಂಡದ ಕೋಚ್ ಲೌರಿ ಹೀನ್ಸ್ ಕೂಡ ಹೆಂಗಸೇ, ಅದೇ ಕಾಲೇಜಿಗೆ ಓಡಿದವರು. ಅವರ ಮಗಳು ಎಲಿ, ಅಮ್ಮನ ಕೈಯಲ್ಲೇ ಪಳಗಿ, 2021ರಲ್ಲಿ 5000 ಮೀಟರ್ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆದಳು. ಅಮ್ಮನೇ ಕೋಚ್ ಆದರೆ ಮನೆಗೆ ಹೋದ ಮೇಲೆ ಅನ್ನ ಬಡಿಸೋದು ಯಾರು, ಸ್ಪ್ಲಿಟ್ ಟೈಮ್ ಕೇಳೋದು ಯಾರು ಅಂತ ನನಗೆ ಕುತೂಹಲ.

2024ರ ನವೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ದಿಲ್ಜೀತ್ ಅವರ ತಂಡ ಮತ್ತೆ ಗೆದ್ದಿತು. 147 ಅಂಕ, ವೆಸ್ಟ್ ವರ್ಜೀನಿಯಾ 164. ಮೊದಲು ಬಂದವಳು ಯಾರು ಗೊತ್ತಾ? ಮತ್ತೆ ಅಲಬಾಮಾ, ಮತ್ತೆ ಕೀನ್ಯಾ, ಡೋರಿಸ್ ಲೆಮ್‌ಂಗೋಲೆ. 147 ಅನ್ನೋದನ್ನು ಐದರಿಂದ ಭಾಗಿಸಿ ನೋಡಿ, ಸರಾಸರಿ ಮೂವತ್ತರ ಹತ್ತಿರ. ಸೂಪರ್‌ಸ್ಟಾರ್ ತಂಡದ ಅಂಕ ಅಲ್ಲ ಅದು. ಐದು ಜನ ಒಬ್ಬರನ್ನೊಬ್ಬರು ಬಿಡದೆ ಬಂದರೆ ಸಿಗುವ ಅಂಕ. ಅದೇ ದಿನ ಅಲ್ಲಿನ ಗಂಡುಮಕ್ಕಳ ತಂಡವೂ ಗೆದ್ದಿತು, ಅದರ ಕೋಚ್ ಎಡ್ ಐಸ್ಟೋನ್.

ಐದು ಜನರನ್ನು ಒಟ್ಟಿಗೆ ನವೆಂಬರ್ ಕೊನೆಗೆ ಗಟ್ಟಿಯಾಗಿ ತಂದು ನಿಲ್ಲಿಸೋದು ಯಾಕೆ ಕಷ್ಟ? ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ದೂರ ಓಡುವ ಹುಡುಗಿ ತೂಕ ಇಳಿಸಿದರೆ ಕೆಲವು ಕಾಲ ವೇಗ ಹೆಚ್ಚುವುದುಂಟು. ಕೋಚ್‌ಗೆ ಖುಷಿ, ಅವಳಿಗೂ ಖುಷಿ. ಆಮೇಲೆ ಓಡುವುದಕ್ಕೆ ತಕ್ಕಷ್ಟು ತಿನ್ನದ ಮೈ ಒಂದೊಂದೇ ಅಂಗಡಿ ಬಾಗಿಲು ಹಾಕ್ತಾ ಬರುತ್ತೆ. ಮುಟ್ಟು ನಿಲ್ಲುತ್ತೆ. ಮೂಳೆ ಸವೆಯುತ್ತೆ, ಸಣ್ಣ ಬಿರುಕು ಬಿಡುತ್ತೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು. ಹದಿನೇಳಕ್ಕೇ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್ ಓಡಿದ್ದ ಮೇರಿ ಕೇನ್, 2019ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಿಡಿಯೋದಲ್ಲಿ ಕೂತು, ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ತನಗೆ ಮುಟ್ಟಾಗಲಿಲ್ಲ, ಐದು ಮೂಳೆ ಮುರಿದವು ಅಂತ ಹೇಳಿದಳು. ಅವಳು ಓಡ್ತಿದ್ದದ್ದು ಆಗ ಜಗತ್ತಿನಲ್ಲೇ ದೊಡ್ಡ ಹೆಸರಿನ ತರಬೇತಿ ಕೇಂದ್ರದಲ್ಲಿ.

ಅಂದರೆ ಕೋಚ್ ಮುಂದೆ ಪ್ರತಿ ವರ್ಷ ಒಂದು ಆಮಿಷ ಇರುತ್ತೆ. ಹತ್ತೊಂಬತ್ತರ ಹುಡುಗಿಯ ಮುಂದಿನ ಹತ್ತು ವರ್ಷವನ್ನು ಅಡವಿಟ್ಟು ಈ ವರ್ಷದ ಪದಕ ತರಬಹುದು. ಆ ಹುಡುಗಿ ಬೇಡ ಅನ್ನಲ್ಲ, ಕೋಚ್ ಹೇಳಿದ್ದೇ ವೇದ ಅವಳಿಗೆ. ಅದಕ್ಕೇ ಒಬ್ಬ ಕೋಚ್‌ನ ಕೆಲಸವನ್ನು ಅಳೆಯೋಕೆ ಕಪ್ ಎಣಿಸುವುದಕ್ಕಿಂತ, ಕಾಲೇಜು ಬಿಟ್ಟ ಮೇಲೆ ಅವರ ಹುಡುಗಿಯರು ಇನ್ನೂ ಓಡ್ತಾ ಇದ್ದಾರಾ ಅಂತ ನೋಡೋದು ಸರಿ ಅಂತ ನನಗನ್ನಿಸುತ್ತೆ. ವೇಮೆಂಟ್ ಡಿಗ್ರಿ ಮುಗಿದ ಮೇಲೂ ದಿಲ್ಜೀತ್ ಅವರ ಹತ್ತಿರವೇ ಉಳಿದಳು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ ಓಡಿದಳು.

ಹೆಂಗಸರೇ ಕೋಚ್ ಆದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಮುಟ್ಟಿನ ವಿಷಯ ಕಿವಿಗೆ ಹಾಕಿಕೊಳ್ಳುವ ಗಂಡಸರೂ ಇದ್ದಾರೆ, ತೂಕದ ಯಂತ್ರ ಹಿಡಿದು ನಿಲ್ಲುವ ಹೆಂಗಸರೂ ಇರಬಹುದು. ಆದರೂ ಒಂದು ಸಂಗತಿ ಕಾಡುತ್ತೆ. 1972ರಲ್ಲಿ ಟೈಟಲ್ ನೈನ್ ಕಾನೂನು ಬಂದು ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರ ಆಟಕ್ಕೆ ಬಾಗಿಲು ತೆರೆದಾಗ, ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಹೆಂಗಸರೇ ಇದ್ದರು. ಈಗ ಅರ್ಧಕ್ಕಿಂತ ಕಡಿಮೆ. ಕಾನೂನು ಬಂದಿತು, ಅದರ ಹಿಂದೆ ದುಡ್ಡು ಬಂದಿತು, ಸಂಬಳ ಬರುವ ಕೆಲಸ ಅಂತಾದ ಮೇಲೆ ಗಂಡಸರು ಅರ್ಜಿ ಹಾಕಿದರು. ಆಟಗಾರ್ತಿಯರು ಹೆಚ್ಚಾದರು, ಆಟ ಹೇಳಿಕೊಡುವ ಹೆಂಗಸರ ಪಾಲು ಕುಗ್ಗಿತು. ಅದಕ್ಕೇ 2021ರ ನವೆಂಬರ್‌ನಲ್ಲಿ ಮೊದಲ ಎರಡು ತಂಡಗಳಿಗೂ ತಾಯಂದಿರೇ ಕೋಚ್ ಆಗಿದ್ದದ್ದು ನನಗೆ ಸಣ್ಣ ವಿಷಯ ಅಲ್ಲ.

ದೂರದ ವಿಷಯದಲ್ಲೂ ಒಂದು ಮಾತು. ಕಾಲೇಜು ಚಾಂಪಿಯನ್‌ಶಿಪ್‌ನಲ್ಲಿ ಹುಡುಗರಿಗೆ 10 ಕಿ.ಮೀ., ಹುಡುಗಿಯರಿಗೆ 6. ಅದೂ 2000ದಲ್ಲಿ 5ರಿಂದ ಏರಿಸಿದ್ದು. ವಿಶ್ವ ಕ್ರಾಸ್ ಕಂಟ್ರಿಯಲ್ಲಿ 2017ರಿಂದ ಇಬ್ಬರಿಗೂ 10 ಆಗಿದೆ. ಕಾಲೇಜಿನವರು ಯಾಕೆ ಇನ್ನೂ ಅಲ್ಲೇ ನಿಂತಿದ್ದಾರೋ.

ನಮ್ಮ ಆಫೀಸಿನಲ್ಲಿ ಈಗ ಐದು ಜನ ಹೆಂಗಸರು ಒಟ್ಟಿಗೆ ಓಡ್ತೀವಿ, ವಾರಕ್ಕೆ ಮೂರು ದಿನ. ಒಬ್ಬರಿಗೆ ಮಗು ಹುಟ್ಟಿ ಎಂಟು ತಿಂಗಳು, ಮೊನ್ನೆಯಷ್ಟೇ ವಾಪಸ್ ಬಂದರು. ಎರಡು ಕಿಲೋಮೀಟರ್ ಆದ ಮೇಲೆ, "ನೀವು ಹೋಗಿ, ನಾನು ನಿಧಾನಕ್ಕೆ ಬರ್ತೀನಿ" ಅಂದರು. ನಾವು ನಾಲ್ಕೂ ಜನ ಬಾಲಭವನದ ಹತ್ತಿರ ನಿಂತು ಕಾಲು ಆಡಿಸ್ತಾ ಕಾದ್ವಿ. ಅಲ್ಲಿಂದ ಮುಂದೆ ಅವರನ್ನೇ ಮುಂದೆ ಬಿಟ್ಟು, ಅವರ ವೇಗಕ್ಕೇ ಓಡಿದ್ವಿ. ಗುರುವಾರ ಮತ್ತೆ ಬರ್ತಾರಂತೆ.