ಮನೆ ಬಿದ್ದ ವರ್ಷ ಹುಟ್ಟಿದವನು

ನಮ್ಮ ಇಂಡಿ, ಸಿಂದಗಿ ಕಡೆಯ ಸರ್ಕಾರಿ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದು ನೋಡಿದರೆ ಪುಟದ ತುಂಬ ಒಂದೇ ತಾರೀಖು ಕಾಣುತ್ತದೆ: ಜೂನ್ 1. ಮಗುವನ್ನು ಎಳೆದುಕೊಂಡು ಬಂದ ಅಪ್ಪನಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ, ಮಾಸ್ತರರಿಗೆ ಆ ಕಾಲಂ ಖಾಲಿ ಬಿಡಲು ಬರುವುದಿಲ್ಲ. ಶಾಲೆಗೆ ಸೇರಲು ಎಷ್ಟು ವಯಸ್ಸು ಬೇಕೋ ಅಷ್ಟು ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದರೆ ಇಬ್ಬರ ಕೆಲಸವೂ ಮುಗಿಯಿತು. ನಮ್ಮ ಮನೆಯಲ್ಲೇ ಅಪ್ಪ, ಇಬ್ಬರು ಕಾಕಾ, ಸೋದರತ್ತೆ ಎಲ್ಲರೂ ಜೂನ್ 1ಕ್ಕೆ ಹುಟ್ಟಿದವರು. ಇದರಿಂದ ಯಾರಿಗೂ ತೊಂದರೆಯಾಗಿದ್ದು ನಾನು ಕೇಳಿರಲಿಲ್ಲ. ಒಕ್ಕಲುತನಕ್ಕೆ ತಾರೀಖು ಬೇಡ, ಲಿಂಬೆ ತೋಟಕ್ಕೆ ಬೇಡ. ನೌಕರಿ ಸಿಕ್ಕವರಿಗೆ ನಿವೃತ್ತಿ ಒಂದೆರಡು ವರ್ಷ ಹಿಂದೆ ಮುಂದೆ ಆಗುತ್ತದೆ, ಅಷ್ಟೇ.

ಆದರೆ ಒಂದು ಕಸುಬಿನಲ್ಲಿ ಹುಟ್ಟಿದ ವರ್ಷವೇ ಮೊದಲ ಬಾಗಿಲು. ಅದು ಫುಟ್‌ಬಾಲ್. ಇದು ನನಗೆ ತಿಳಿದದ್ದು ಗೋವಾದಲ್ಲಿ.

ಗುಳೆ ಹೋದ ಹೆಂಗಸರ ಮಾತಿನಲ್ಲಿ ಕಾಲದ ಲೆಕ್ಕ ಹೇಗೆ ಬರುತ್ತದೆ ಎಂಬುದು ನನ್ನ ಪಿಎಚ್‌.ಡಿ.ಯ ಒಂದು ಅಧ್ಯಾಯ. ಅದಕ್ಕಾಗಿ ವಾಸ್ಕೋದ ಬಾಯಣಾ, ಝುವಾರಿನಗರಗಳಲ್ಲಿ ತಿಂಗಳುಗಟ್ಟಲೆ ಅಲೆದಿದ್ದೇನೆ. ಅಲ್ಲಿಯ ಓಣಿಗಳಲ್ಲಿ ಕಿವಿಗೆ ಬೀಳುವುದು ನಮ್ಮದೇ ಕನ್ನಡ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳಿಂದ ಗಾರೆ ಕೆಲಸಕ್ಕೆ, ಬಂದರಿನ ಹಮಾಲಿಗೆ ಹೋದವರು ಅಲ್ಲಿಯೇ ಬೇರು ಬಿಟ್ಟಿದ್ದಾರೆ. ಅವರ ಮಕ್ಕಳು ಮನೆಯೊಳಗೆ ಕನ್ನಡ, ಹೊರಗೆ ಕೊಂಕಣಿ, ಹಿಂದಿ ಆಡುತ್ತ, ಸಂಜೆಯಾದರೆ ಚೆಂಡು ಒದೆಯುತ್ತ ಬೆಳೆಯುತ್ತಾರೆ. ಊರಲ್ಲಿದ್ದರೆ ಕಬಡ್ಡಿಯೋ ಕುಸ್ತಿಯೋ ಹಿಡಿಯುತ್ತಿದ್ದ ಕಾಲುಗಳವು. ಗುಳೆ ಅವುಗಳ ಆಟವನ್ನೂ ಬದಲಿಸಿತು.

ಹಾಗೆ ಬೆಳೆದ ಒಬ್ಬ ಹುಡುಗನ ತಾಯಿ ನನಗೆ ಮಾತು ಕೊಟ್ಟವರಲ್ಲಿ ಒಬ್ಬಳು. ಗಂಡನ ಮನೆ ಮುದ್ದೇಬಿಹಾಳ ತಾಲ್ಲೂಕು, ತವರು ಬಸವನ ಬಾಗೇವಾಡಿ ಕಡೆ. ಮಗ ಮಿಡ್‌ಫೀಲ್ಡರ್. ನಾನು ಆಟ ಬಲ್ಲವಳಲ್ಲ. ಆದರೂ ಎರಡು ಭಾನುವಾರ ನೋಡಿದ ಮೇಲೆ ಅವನಲ್ಲಿ ಏನೋ ಬೇರೆಯದಿದೆ ಎಂದು ಗೊತ್ತಾಯಿತು. ಉಳಿದ ಹುಡುಗರು ಚೆಂಡು ನೋಡುತ್ತಾರೆ, ಇವನು ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಎರಡು ಸಲ ಹಿಂದಕ್ಕೆ ಹೊರಳಿ ಯಾರು ಎಲ್ಲಿದ್ದಾರೆಂದು ನೋಡಿಕೊಳ್ಳುತ್ತಾನೆ. ಗೋಲು ಹೊಡೆಯುವವನ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ. ಮೈದಾನದ ನಡುವೆ ನಿಂತು, ಹಿಂದಿನವರಿಂದ ಪಡೆದು ಮುಂದಿನವರಿಗೆ ಕೊಡುವವನ ಬೆಲೆ ತಿಳಿಯಲು ಬಲ್ಲವರ ಕಣ್ಣು ಬೇಕು. ಅದಕ್ಕೇ ಅವನಂಥವರಿಗೆ ಆಯ್ಕೆ ಶಿಬಿರದ ಆ ಎರಡು ಗಂಟೆ ದೊಡ್ಡದು.

ಒಂದು ಅಕಾಡೆಮಿಯ ಶಿಬಿರಕ್ಕೆ ಅವನಿಗೆ ಕರೆ ಬಂತು. ಷರತ್ತು ಒಂದೇ: 2009ರ ಜನವರಿ 1ರ ನಂತರ ಹುಟ್ಟಿದವರು ಮಾತ್ರ. ಅವನ ಶಾಲೆಯ ದಾಖಲೆಯಲ್ಲೂ ಆಧಾರ್ ಕಾರ್ಡಿನಲ್ಲೂ ಇದ್ದದ್ದು 2008ರ ಜೂನ್ 1.

"ಅಕ್ಕಾ, ನಾ ಖರೇನ ಎಂಟರಾಗ ಹುಟ್ಟೀನೋ, ಒಂಬತ್ತರಾಗೋ?" ಎಂದು ಕೇಳಿದ. ನಾನು ಅವನ ತಾಯಿಯ ಮುಖ ನೋಡಿದೆ. ಅವಳಿಗೆ ಅನುಮಾನವೇ ಇರಲಿಲ್ಲ.

"ಬನ್ನಿ ಮುಡದು ನಾಕ ದಿನ ಆಗಿತ್ತ ನೋಡವಾ. ಮಳಿ ಅಂದ್ರ ಅಂಥಾ ಮಳಿ ಕಂಡಿಲ್ಲ. ನಮ್ಮವ್ವನ ಮನಿ ಹಿತ್ತಲ ಗ್ವಾಡಿ ಬಿತ್ತು. ಅವತ್ತ ರಾತ್ರಿ ಹಣಮಪ್ಪನ ಗುಡಿಯಾಗ ಹಡದೀನಿ."

ನಮ್ಮ ಭಾಗದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ಉತ್ತರ ಕರ್ನಾಟಕದ ಮಣ್ಣಿನ ಮನೆಗಳನ್ನು ಸಾಲುಸಾಲಾಗಿ ಕೆಡವಿತು. ಆ ವರ್ಷದ ವಿಜಯದಶಮಿ ಸೆಪ್ಟೆಂಬರ್ 28. ಅಲ್ಲಿಂದ ನಾಲ್ಕು ದಿನ ಎಣಿಸಿದರೆ ಅಕ್ಟೋಬರ್ 2. ತಾಯಿ ದಿನವನ್ನೇ ಹೇಳಿದ್ದಳು. ಅವಳ ಭಾಷೆಯಲ್ಲಿ ಹೇಳಿದ್ದಳು, ಅಷ್ಟೇ. ಮುಂದೆ ಗಂಡ ಹೆಂಡತಿ ಗೋವಾಕ್ಕೆ ಹೊರಟಾಗ ಹುಡುಗನನ್ನು ಅಜ್ಜಿಯ ಬಳಿ ಬಿಡಬೇಕಾಯಿತು. ಶಾಲೆಗೆ ಹಾಕಿದರೆ ಮಧ್ಯಾಹ್ನದ ಊಟವಾದರೂ ಆದೀತೆಂದು ಐದೂ ತುಂಬದವನಿಗೆ ಆರು ಎಂದು ಬರೆಸಿದರು. ಹಸಿವಿಗಾಗಿ ಬರೆಸಿದ ಆ ಹದಿನಾರು ತಿಂಗಳು ಈಗ ಹುಡುಗನ ಕಾಲಿಗೆ ತೊಡರಿಕೊಂಡಿತ್ತು.

ಒಂದು ವರ್ಷ ಏನು ಮಹಾ ಎನ್ನಿಸಬಹುದು. 2017ರ ಅಕ್ಟೋಬರಿನಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪನ್ನು ನೋಡಿ. ಅದಕ್ಕೆ ಅರ್ಹರಾದವರು 2000ದ ಜನವರಿ 1ರಿಂದ ಈಚೆಗೆ ಹುಟ್ಟಿದವರು. ಮಣಿಪುರದ ಸುರೇಶ್ ಸಿಂಗ್ ವಾಂಗ್ಜಮ್ ಹುಟ್ಟಿದ್ದು 2000ದ ಆಗಸ್ಟಿನಲ್ಲಿ. ಆ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದ, ಅಲ್ಲಿಂದ ಇಂಡಿಯನ್ ಆ್ಯರೋಸ್, 2019ರಲ್ಲಿ ಬೆಂಗಳೂರು ಎಫ್‌ಸಿ, ಆಮೇಲೆ ಭಾರತದ ಹಿರಿಯರ ತಂಡ. ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರು ಇವತ್ತು ಅವನ ಹೆಸರು ಕೂಗುತ್ತಾರೆ. ಅವನ ಊರಿನ ಮಾಸ್ತರರು ಯಾರೋ 1999 ಎಂದು ಬರೆದುಬಿಟ್ಟಿದ್ದರೆ ಆ ವಿಶ್ವಕಪ್ಪಿನ ಮೆಟ್ಟಿಲು ಅವನಿಗಿರುತ್ತಿರಲಿಲ್ಲ.

ಮೆಟ್ಟಿಲು ಎಂದಾಗ ನನಗೆ ನೆನಪಾಗುವವರು ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್. ಕರ್ನಾಟಕ ಕೊಟ್ಟ ಅತಿ ಒಳ್ಳೆಯ ಮಿಡ್‌ಫೀಲ್ಡರ್‌ಗಳಲ್ಲಿ ಅವರೊಬ್ಬರು. 1971ರಲ್ಲಿ ಹುಟ್ಟಿದವರು. 1980ರ ದಶಕದ ನಡುವೆ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತರು, ಸದರ್ನ್ ಬ್ಲೂಸ್ ಎಂಬ ಸಣ್ಣ ಕ್ಲಬ್ಬಿಗೆ ಆಡಿದರು. 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಮೂರು ಗೋಲು ಇವರದು. ಆಮೇಲೆ ಪಂಜಾಬಿನ ಜೆಸಿಟಿ ಸೇರಿ 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 2001ರಲ್ಲಿ ನಾಯಕರಾಗಿ ಈಸ್ಟ್ ಬೆಂಗಾಲಿಗೂ ಆ ಪ್ರಶಸ್ತಿ ತಂದುಕೊಟ್ಟರು. 2020ರ ಅಕ್ಟೋಬರಿನಲ್ಲಿ, ಇನ್ನೂ 49ರ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು.

ಇದನ್ನು ಪ್ರತಿಭೆಯ ಕಥೆಯೆಂದು ಓದುವುದು ಸುಲಭ. ನಾನು ಓದುವಾಗ ನನಗೆ ಕಾಣುವುದು ಒಂದು ಮೆಟ್ಟಿಲಿನಿಂದ ಮುಂದಿನದಕ್ಕಿರುವ ದೂರ. ಎಲ್ಲೂ ಜಿಗಿಯಲಾಗದಷ್ಟು ದೂರವಿಲ್ಲ. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಕಾಲಿಡಲು ಒಂದು ಜಾಗ ಸಿಕ್ಕಿದೆ. ನಮ್ಮ ಜಿಲ್ಲೆಯೂ ಮೆಟ್ಟಿಲಿದ್ದಲ್ಲಿ ಹತ್ತಿದೆ. ವಿಜಯಪುರದ ಕ್ರೀಡಾ ಹಾಸ್ಟೆಲಿನಿಂದ ಸೈಕ್ಲಿಸ್ಟುಗಳು ಬಂದರು. 2017ರ ಮಹಿಳಾ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕ್‌ವಾಡ್ ವಿಜಯಪುರದವರೇ. ಕಾಲಿಗೂ ಕೈಗೂ ಇಲ್ಲಿ ಕೊರತೆಯಿಲ್ಲ. ಫುಟ್‌ಬಾಲಿಗೆ ಮಾತ್ರ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನೆಲವೇ ಒಲಿಯುವುದಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ರಜೆಗೆ ಊರಿಗೆ ಹೋದಾಗ ಚೆಂಡು ಯಾವ ಕಡೆ ಪುಟಿಯುತ್ತದೆಂದು ತಿಳಿಯದೆ ಒದ್ದಾಡುವುದನ್ನು ಹುಡುಗನೇ ನಕ್ಕು ಹೇಳುತ್ತಾನೆ.

ಅವನ ಮೊದಲ ಮೆಟ್ಟಿಲು ಗೋವಾದಲ್ಲಿ ಸಿಕ್ಕಿತು, ಎರಡನೆಯದಕ್ಕೆ ಬಾಗೇವಾಡಿಗೆ ಬರಬೇಕಾಯಿತು. ಜನನ ನೋಂದಣಿ ಆಗಬೇಕಾದ್ದು ಹುಟ್ಟಿದ ಸ್ಥಳದಲ್ಲಿ. 1969ರ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ಖರ್ಚಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದೇಶಕ್ಕೆ ಸಾಕ್ಷಿ ಬೇಕು. ಗುಡಿಯಲ್ಲಿ ಹಡೆದವಳಿಗೆ ಆಸ್ಪತ್ರೆಯ ಚೀಟಿ ಎಲ್ಲಿಂದ ಬರಬೇಕು? ಕಾಗದ ಓದಿ ಬರೆಯುವ ಕೆಲಸ ನನ್ನದೆಂದು ಮನೆಯವರೇ ತೀರ್ಮಾನಿಸಿದ್ದರಿಂದ ನಾನೂ ಜೊತೆಗೆ ಹೋದೆ. ಪಂಚಾಯಿತಿಯಲ್ಲಿ ಏನೂ ಸಿಗಲಿಲ್ಲ. ಮೂರನೆಯ ಸಲ ಹೋದಾಗ ಅಂಗನವಾಡಿಯ ಹಳೆಯ ಟ್ರಂಕಿನಲ್ಲಿ ತೂಕದ ವಹಿ ಸಿಕ್ಕಿತು. ತಾಯಿಯ ಹೆಸರು, ತವರಿನ ಅಡ್ಡಹೆಸರು, 'ಗಂಡು ಕೂಸು', ನವೆಂಬರ್ 2009, ತೂಕ ಮೂರೂವರೆ ಕಿಲೋ. ಕೂಸಿಗೆ ಆಗ ಹೆಸರೂ ಇಟ್ಟಿರಲಿಲ್ಲ.

ವಕೀಲರು ಆ ಪುಟವನ್ನು ಅರ್ಜಿಗೆ ಲಗತ್ತಿಸಿದರು. ಶಾಲೆಯ ದಾಖಲೆ ತಿದ್ದಲು ಬೇರೆ ದಾವೆ, ಆಮೇಲೆ ಆಧಾರ್. ಈ ಆಟದಲ್ಲಿ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ವಯಸ್ಸು ಅಂದಾಜು ಮಾಡುವ ಪರೀಕ್ಷೆಯೂ ಇದೆ. ವಯಸ್ಸು ಮುಚ್ಚಿಟ್ಟು ಆಡುವವರನ್ನು ಹಿಡಿಯುವುದಕ್ಕೆಂದು ಬಂದದ್ದು ಅದು. ವಯಸ್ಸು ಹೆಚ್ಚಾಗಿ ಬರೆಸಿಕೊಂಡವನ ಎಲುಬು ಏನು ಹೇಳಿದರೂ ಕಾಗದ ತಾನಾಗಿ ಬದಲಾಗುವುದಿಲ್ಲ.

ಇದೆಲ್ಲ ನಡೆಯುವಾಗ ನನ್ನನ್ನು ಕಾಡಿದ್ದು ಇನ್ನೊಂದು ನಿಯಮ. ಆಟಗಾರನೊಬ್ಬ ದೇಶ ದಾಟಿ ಬೇರೆ ಕ್ಲಬ್ಬಿಗೆ ಮಾರಾಟವಾದರೆ, ಆ ಹಣದಲ್ಲಿ ಶೇ. 5ರಷ್ಟನ್ನು ಅವನು 12ರಿಂದ 23ರ ವಯಸ್ಸಿನವರೆಗೆ ಆಡಿ ಬೆಳೆದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ಹೇಳುತ್ತದೆ. ಯಾರು ಎಷ್ಟು ವರ್ಷ ಬೆಳೆಸಿದರು ಎಂಬುದಕ್ಕೆ ಲೆಕ್ಕ. ಋಣವನ್ನು ಹೀಗೆ ಬರೆದಿಡುವ ಆಟ ನನಗೆ ಹಿಡಿಸಿತು. ಆದರೆ ಆ ಲೆಕ್ಕ ಶುರುವಾಗುವುದು ಹನ್ನೆರಡರಿಂದ. ಅದಕ್ಕೆ ಮೊದಲು ಗೋಡೆ ಬಿದ್ದ ಮನೆ, ಗುಡಿಯ ಕಟ್ಟೆ, ಶಾಲೆಯ ಊಟ, ತೂಕ ಬರೆದಿಟ್ಟ ಅಂಗನವಾಡಿ ಕಾರ್ಯಕರ್ತೆ ಇವರಾರೂ ಆ ವಹಿಯಲ್ಲಿ ಬರುವುದಿಲ್ಲ. ಮುಂದೆ ಈ ಹುಡುಗ ದೊಡ್ಡವನಾದರೆ ಅವನನ್ನು ಗೋವಾದ ಆಟಗಾರ ಎನ್ನುತ್ತಾರೆ. ಅದು ಸುಳ್ಳಲ್ಲ, ಆಟ ಕಲಿಸಿದ್ದು ಗೋವಾವೇ. ಮಣ್ಣಿನ ಮನೆಗಳಿಂದ ಅವನಂಥವರನ್ನು ಕಳಿಸಿಕೊಟ್ಟ ತಾಲ್ಲೂಕುಗಳು ಕನಿಷ್ಠ ಒಂದು ತಾರೀಖನ್ನಾದರೂ ಸರಿಯಾಗಿ ಬರೆದು ಕಳಿಸಬೇಕಿತ್ತು.

ಮ್ಯಾಜಿಸ್ಟ್ರೇಟರ ಆದೇಶ ಬಂದಿದೆ. ಜನನ ಪ್ರಮಾಣಪತ್ರದಲ್ಲಿ 02-10-2009 ಎಂದಿದೆ. ಶಾಲೆಯ ದಾವೆ ಇನ್ನೂ ನಡೆದಿದೆ, ಮೊದಲು ಕರೆದ ಶಿಬಿರ ಮುಗಿದುಹೋಗಿದೆ. ಮುಂದಿನದಕ್ಕೆ ಹೆಸರು ಕೊಟ್ಟಿದ್ದಾನೆ. ಫೋನಿನಲ್ಲಿ ಅವನು ಪ್ರಮಾಣಪತ್ರದ ಮಾತೇ ಎತ್ತಲಿಲ್ಲ. ಎಡಗಾಲಿನ ಪಾಸು ಈಗ ಸುಧಾರಿಸಿದೆ ಎಂದಷ್ಟೇ ಹೇಳಿದ.